ಪೊರಕೆ ಹಿಡಿದು ಬೆಂಕಿ ಹುಡುಕುವುದು

ಮೈಸೂರು, ಹೆಬ್ಬಾಳ ಕೈಗಾರಿಕಾ ಬಡಾವಣೆಯ ಹಿಂದಿನ ಗೇಟು.
ಮಧ್ಯಾಹ್ನ ಎರಡೂಕಾಲು. ಬಿಸಿಲು ಸೂರಿನ ಫಲಕಗಳ ಮೇಲೆ ಕೂತು
ಕರೆಂಟಾಗಿ ಒಳಗಿಳಿಯುವ ಹೊತ್ತು.
ನನ್ನಕ್ಕನ ಮಗಳು ಕಪಿಲೆ, ತಲೆಗೆ ಹಳದಿ ಟೋಪಿ,
ತೆಂಗಿನಕಡ್ಡಿಯ ಪೊರಕೆ ಮುಂದೆ ಚಾಚಿ
ಪೈಪಿನ ಗುಂಟ ಹೆಜ್ಜೆಹೆಜ್ಜೆಯಾಗಿ ಬರುತ್ತಿದ್ದಳು.

"ಗುಡಿಸೋಕೆ ಇಂಜಿನಿಯರಿಂಗ್ ಓದಬೇಕಿತ್ತೇನವ್ವ?"
"ಗುಡಿಸ್ತಿಲ್ಲ ಮಾವ, ಬೆಂಕಿ ಹುಡುಕ್ತಿದ್ದೀನಿ.
ಹೈಡ್ರೋಜನ್ ಹತ್ತಿಕೊಂಡ್ರೆ ಹಗಲಲ್ಲಿ ಕಣ್ಣಿಗೆ ಕಾಣಲ್ಲ.
ಕಡ್ಡಿ ತುದಿ ಉರಿದ್ರೆ, ಅಲ್ಲಿದೆ ಅಂತ.
ಮೂಸೋಕೆ ಯಂತ್ರ ಉಂಟು. ನಂಗೆ ಮಾತ್ರ ಪೊರಕೇನೇ ನಂಬಿಕೆ."

ಕಾಣದ ಬೆಂಕಿ!
ಕಿರುಗಾವಲಿನ ಕುಲುಮೆಯಲ್ಲಿ ನಲವತ್ತೊಂದು ವರ್ಷ
ಬೆಂಕಿಯ ಬಣ್ಣ ನೋಡಿಯೇ ಬದುಕಿದವನು ನಾನು.
ತಂಗಡಿ ಹೂವಿಗೆ ಬಂದರೆ ಕಬ್ಬು ಕಡಿಯುವ ಮಚ್ಚು,
ಹಣ್ಣುಮೆಣಸಿನಕಾಯಿಗೆ ಇಳಿದರೆ ಕೈ ತಡೆ.
ತಿದಿ ಒತ್ತಿ ಒತ್ತಿ ನನ್ನೆದೆಯೇ ಒಂದು ತಿದಿಯಾಯಿತು,
ಮಲಗಿದರೆ ಸೂಂಯ್ ಅನ್ನುತ್ತದೆ. ಉಗುಳಿದರೆ ಕಪ್ಪು.
ಕಬ್ಬಿಣದ ತೂಕದಲ್ಲಿ ಅದನ್ನು ಯಾರೂ ಸೇರಿಸಲಿಲ್ಲ.

ಅವಳು ಹೇಳಿದ್ದು:
ಅದಿರೆಂದರೆ ಹುಟ್ಟುವಾಗಲೇ ತುಕ್ಕು ಹಿಡಿದ ಕಬ್ಬಿಣ.
ಅದರೊಳಗೆ ಸಿಕ್ಕಿಕೊಂಡ ಉಸಿರನ್ನು ಯಾರಾದರೂ ಕಿತ್ತುಕೊಳ್ಳಬೇಕು.
ಇದ್ದಿಲು ಕಿತ್ತುಕೊಂಡರೆ ಮೇಲೆ ಹೋಗಿ
ಅಲ್ಲೇ ಕೂರುತ್ತದೆ, ಇಳಿಯಲೊಲ್ಲದು.
ನೀರಿನಿಂದ ಬಿಡಿಸಿದ ಈ ಹಗುರ ಗಾಳಿ ಕಿತ್ತುಕೊಂಡರೆ
ಮತ್ತೆ ನೀರಾಗುತ್ತದೆ.

ಗೂಡಿನ ಬಾಲದಲ್ಲೊಂದು ಗಾಜಿನ ಕೊಳವೆ.
ಹನಿ. ಸ್ವಲ್ಪ ತಡೆದು
ಇನ್ನೊಂದು.

ನೀರು ಯಾರದು? ನಾಲೆಯ ತೂಬಿನಲ್ಲಿ ತಲೆ ಒಡೆದದ್ದು ಕಂಡವನು,
ಕೇಳದೆ ಇರಲಾಗಲಿಲ್ಲ.
"ಇದೇ ನೀರನ್ನ ಮತ್ತೆ ತುಂಬ್ತೀವಿ ಮಾವ. ಸ್ವಲ್ಪ ಸೋರುತ್ತೆ.
ದುಡ್ಡು ಜಾಸ್ತಿ ಸೋರುತ್ತೆ." ನಕ್ಕಳು.
ಹೊರಗೆ ಸಾಲುಸಾಲು ಸಿಲಿಂಡರು:
ಮಿಕ್ಕ ಬಿಸಿಲಿಗೆ ಉಪ್ಪಿನಕಾಯಿ ಹಾಕಿಟ್ಟಂತೆ,
ರಾತ್ರಿಯ ದೀಪಕ್ಕೆ, ಮೋಡದ ದಿನದ ಗೂಡಿಗೆ.

ಒಳಗಿಂದ ತೆಗೆದದ್ದು ಬೂದು ಬಣ್ಣದ ಉಂಡೆ,
ಒಣಗಿದ ಜೇನುಹುಟ್ಟಿನ ಹಾಗೆ ತೂತುತೂತು.
ಕಿವಿಗೆ ಹಿಡಿದು ಉಗುರಲ್ಲಿ ಬಡಿದೆ.
ಕಬ್ಬಿಣ ಮಾತಾಡಬೇಕಲ್ಲ, ಸುಮ್ಮನಿತ್ತು.
"ಇನ್ನೂ ಕರಗಿಸಬೇಕು, ಕರೆಂಟಲ್ಲಿ. ಆ ಕರೆಂಟೂ ಬಿಸಿಲಿಂದಲೇ ಬರಬೇಕು.
ಇಲ್ಲಾಂದ್ರೆ ನಮ್ಮ ಹೊಗೇನ ಇನ್ಯಾರದೋ ಊರಿಗೆ ಕಳಿಸಿದ ಹಾಗಷ್ಟೇ."

ಕೊಳವೆಯ ಹನಿಗೆ ಬೆರಳೊಡ್ಡಿದ್ದೆ.
"ಅಯ್ಯೋ, ಒದ್ದೆ ಕೈಲಿ ಮುಟ್ಟಬೇಡ, ಮತ್ತೆ ತುಕ್ಕು ತಿನ್ನುತ್ತೆ!"
ಪಂಚೆಗೆ ಕೈ ಒರೆಸಿಕೊಂಡು ಉಂಡೆ ಹಿಂದಿರುಗಿಸಿದೆ.

ಆಮೇಲೆ ಪೊರಕೆ ಇಸಕೊಂಡು
ಅವಳ ಮುಂದೆ ಮುಂದೆ, ಪೈಪಿನ ಗುಂಟ, ನಾನೇ ನಡೆದೆ.
ಕಡ್ಡಿ ಉರಿಯಲಿಲ್ಲ.
ಎದೆಯ ತಿದಿ ಮಾತ್ರ ಸೂಂಯ್ ಅನ್ನುತ್ತಿತ್ತು.