ಮೂಲಪ್ರತಿ

ನಮೂನೆಯ ಏಳನೇ ಕಲಮು ಕೇಳಿತು:
ಕಥಾಸಾರಾಂಶ, ಇನ್ನೂರು ಪದ ಮೀರದಂತೆ.
ಹದಿನೆಂಟನೇ ಕ್ರಾಸಿನ ಕಚೇರಿ ಮೆಟ್ಟಿಲ ಮೇಲೆ
ತೊಡೆಗೆ ಫೈಲು ಆನಿಸಿಕೊಂಡು ಬರೆದೆ:
ಹುಲ್ಲು ಇದೆ.
ಗಾಳಿ ಬರುತ್ತದೆ. ಹುಲ್ಲು ಬಾಗುತ್ತದೆ.
ಗಾಳಿ ಹೋಗುತ್ತದೆ.
ಎಣಿಸಿದೆ. ಎಂಟು.
ಮಿಕ್ಕ ನೂರ ತೊಂಬತ್ತೆರಡನ್ನು
ಸರ್ಕಾರಕ್ಕೇ ಬಿಟ್ಟುಕೊಟ್ಟೆ.

ಪುಟ್ಟತಾಯಮ್ಮ ಮೇಡಂ ಓದಿದರು,
ಹಾಳೆ ಮಗುಚಿ ಹಿಂದೇನಾದರೂ ಇದೆಯೇ ಎಂದು ನೋಡಿದರು.
‘ಹೀರೊ ಯಾರು?’
ಯಾರೂ ಇಲ್ಲ ಮೇಡಂ.
‘ಆನೆ, ಕುದುರೆ, ಹಾವು ಏನಾದ್ರೂ ತರ್ತೀರಾ?’
ಅಲ್ಲಿರೋವು ಅಲ್ಲೇ ಇರ್ತವೆ.
‘ಮತ್ತೆ ಪರ್ಮಿಶನ್ ಯಾಕ್ರೀ?’

ಅದನ್ನೇ ನಾನೂ ಹದಿಮೂರು ದಿನದಿಂದ ಯೋಚಿಸುತ್ತಿದ್ದೆ.
ಕೈಯಲ್ಲಿ ಹಿಡಿದರೆ ಫೋಟೊ,
ಮೂರು ಕಾಲಿನ ಮೇಲೆ ನಿಲ್ಲಿಸಿದರೆ ಶೂಟಿಂಗು
ಎಂದಿದ್ದ ಹೋದ ಪುಷ್ಯದಲ್ಲಿ ಒಬ್ಬ ಕಾವಲಿನವನು,
ನನ್ನ ಟ್ರೈಪಾಡನ್ನು ತುಡುಗು ದನದ ಹಾಗೆ
ಗೇಟಿನವರೆಗೆ ಎಳೆದುಕೊಂಡು ಹೋಗಿ.

ನಾನು ಜಯಶೀಲ, ಸುಂಕೇನಹಳ್ಳಿ,
ಮದುವೆ ವಿಡಿಯೊ ತೆಗೆಯುವವನು.
ಇಪ್ಪತ್ತೆರಡು ವರ್ಷ ಧಾರೆಯ ನೀರು ಬೀಳುವುದನ್ನೇ ಕಾದಿದ್ದೇನೆ,
ಬೀಗರ ಸಾಲಿಗೆ ‘ಸ್ವಲ್ಪ ನಗಿ, ಸ್ವಲ್ಪ ಒತ್ತಿ ನಿಲ್ಲಿ’ ಅಂದಿದ್ದೇನೆ.
ನಗು ಅನ್ನಬೇಕಿಲ್ಲದ್ದೊಂದನ್ನು ಒಮ್ಮೆ ತೆಗೆಯೋಣ ಅನ್ನಿಸಿತು.
ಹೆಸರಘಟ್ಟದ ಹುಲ್ಲು
ಗಂಡಿನ ಕಡೆಯದೂ ಅಲ್ಲ, ಹೆಣ್ಣಿನ ಕಡೆಯದೂ ಅಲ್ಲ.

ಚಲನ್ನು, ನೋಟರಿ, ಛಾಪಾ ಕಾಗದ,
ಠೇವಣಿ ಐದು ಸಾವಿರ,
ಬೆಂಕಿ ಬಿದ್ದರೆ ನಾನೇ ಹೊಣೆ ಎಂಬ ಪ್ರಮಾಣ,
ಸಾಹೇಬರು ರಜೆ, ಸಾಹೇಬರು ಮೀಟಿಂಗು,
ಎದುರು ಅಂಗಡಿಯಲ್ಲಿ ಗುರುತಿಲ್ಲದವರೊಂದಿಗೆ ಬೈಟು ಕಾಫಿ.
ಕಡೆಗೆ ಬಂತು ಆದೇಶ, ಹದಿನಾಲ್ಕು ಷರತ್ತಿನದು.
ಒಂಬತ್ತನೆಯದನ್ನು ಬಸ್ಸಿನಲ್ಲಿ ಎರಡು ಸಲ ಓದಿದೆ:
ನೆಲವು ಮೊದಲಿದ್ದಂತೆಯೇ ಇರತಕ್ಕದ್ದು.
ಸಾವಿರ ಲಗ್ನಪತ್ರಿಕೆ ಓದಿದವನು ನಾನು,
ಇಂಥ ಮಾತು ಯಾರೂ ಯಾರಿಗೂ ಬರೆದದ್ದು ಕಂಡಿರಲಿಲ್ಲ.

ಫಾಲ್ಗುಣದ ಬೆಳಗು. ಒಣಹುಲ್ಲು, ದೂರದಲ್ಲಿ ಲಾರಿ ಸದ್ದು.
ಕ್ಯಾಮೆರಾ ನಿಲ್ಲಿಸಿ, ಬೆಳಕು ನೋಡಲೆಂದು ಗುಂಡಿ ಒತ್ತಿದ್ದೆ,
ಹಿಂದಿನಿಂದ ಕೆಮ್ಮು. ಗಾರ್ಡು ಚಿಕ್ಕಮುನಿಯಪ್ಪ.
‘ಜೆರಾಕ್ಸ್ ನಡೆಯಲ್ಲ, ಒರಿಜಿನಲ್ ಕೊಡಿ.’
ಕೊಟ್ಟೆ. ಗಟ್ಟಿಯಾಗಿ, ಅಕ್ಷರ ಅಕ್ಷರ ಕೂಡಿಸಿ
ಓದುತ್ತಾ ಹೋದ. ಹನ್ನೊಂದಕ್ಕೆ ಬಂದಾಗ
ಸಾರಾಂಶದಲ್ಲಿ ಬರೆದಂತೆಯೇ ಗಾಳಿ ಬಂತು.
ಕಾಗದ ಹಾರುವ ವಿಷಯ ಸಾರಾಂಶದಲ್ಲಿರಲಿಲ್ಲ.

ಓಡಿದೆವು.
ಬಿತ್ತು, ಎದ್ದಿತು, ಬೆಳ್ಳಗೆ ಒಮ್ಮೆ ಕಂಡು ಅಡಗಿತು.
ಸೊಂಟದೆತ್ತರದ ಹುಲ್ಲನ್ನು ಎರಡೂ ಕೈಲಿ ಬಗೆದು,
ಬೂಟಿನಲ್ಲಿ ಮೆಟ್ಟಿ, ಮಂಡಿಯೂರಿ,
ಒಂಬತ್ತನೇ ಷರತ್ತನ್ನು ಹುಡುಕುತ್ತಾ
ಒಂಬತ್ತನೇ ಷರತ್ತನ್ನು ತುಳಿದೆವು.
ನನ್ನ ಕಾಲ ಬಳಿ ನೆಲವೇ ಎದ್ದಂತೆ ಭರ್ರನೆ ಒಂದು ನೆಲಗುಬ್ಬಿ.
ಬಗ್ಗಿದೆವು. ದನದ ಗೊರಸಿನಷ್ಟು ಗುಳಿ,
ಒಳಗೆ ಎರಡು ಮೊಟ್ಟೆ, ಮಣ್ಣಿನ ಚುಕ್ಕೆಯವು.
ಎತ್ತಿದ ಕಾಲನ್ನು ಎಲ್ಲಿಡುವುದೆಂದು ತಿಳಿಯದೆ
ಸರ್ಕಾರವೂ ನಾನೂ ಒಂಟಿಕಾಲಲ್ಲಿ ನಿಂತೆವು.

‘ಸಾಕು ಬನ್ನಿ’ ಅಂದ ಚಿಕ್ಕಮುನಿಯಪ್ಪ,
ಬಂದ ಹೆಜ್ಜೆಯಲ್ಲೇ ಹೆಜ್ಜೆಯಿಟ್ಟು.
‘ಕಾಗದ ನಾನ್ ನೋಡಿದೀನಲ್ಲ.’

ಆ ದಿನ ಮತ್ತೆ ಗುಂಡಿ ಒತ್ತಲು ಕೈ ಬರಲಿಲ್ಲ.
ರಾತ್ರಿ ಅಂಗಡಿಯಲ್ಲಿ ಹಾಕಿ ನೋಡಿದರೆ ಎಲ್ಲ ಇತ್ತು:
ಹುಲ್ಲು, ಗಾಳಿ,
ನಡುವೆ ಮುಳುಗುತ್ತಾ ಏಳುತ್ತಾ ಎರಡು ಬೆನ್ನು,
ಒಂದು ಖಾಕಿ,
ಮೇಯಲು ಬಿಟ್ಟ ಹಾಗೆ.
ಹೀರೊ ಯಾರು ಎಂದಿದ್ದರು ಮೇಡಂ.
ಎರಡು ಸಲ ನೋಡಿದೆ. ಅಳಿಸಲಿಲ್ಲ.

ಠೇವಣಿ ವಾಪಸಿಗೆ ಮೂಲಪ್ರತಿ ಬೇಕಂತೆ.
ಹುಲ್ಲಲ್ಲಿದೆ ಮೇಡಂ ಎಂದು ನಡೆದದ್ದೆಲ್ಲ ಹೇಳಿದೆ.
ಪುಟ್ಟತಾಯಮ್ಮ ಪೆನ್ನಿನ ಮುಚ್ಚಳ ಕಚ್ಚಿಕೊಂಡು
ಬಹಳ ಹೊತ್ತು ಫೈಲನ್ನೇ ನೋಡಿ ಕೇಳಿದರು:
‘ಮರಿ ಆದ್ವಾ?’

ನೋಡಬೇಕಂದ್ರೆ ಇನ್ನೊಂದು ಅರ್ಜಿ ಹಾಕಬೇಕಲ್ಲ, ಮೇಡಂ.