ಮೇಲ್ದುಟಿ

ಕಲಾಸಿಪಾಳ್ಯದ ನಮ್ಮ ಬ್ಯಾಂಡಿನಲ್ಲಿ
ಮೀಸೆ ಇಲ್ಲದವನು ನಾನೊಬ್ಬನೇ.
ಟ್ರಂಪೆಟ್ಟಿನ ಬಾಯಿ ಕೂರುವ ಜಾಗದಲ್ಲಿ
ಒಂದೇ ಒಂದು ಕೂಳೆ ಉಳಿದರೂ ಸಾಕು,
ಮೂರನೇ ಹಾಡಿನ ಹೊತ್ತಿಗೆ ಉರಿ.
ಗಾಯವಾದರೆ ಇನ್ನೂ ಕಷ್ಟ:
ಮದುವೆ ಗಂಡು ಕುದುರೆಯ ಮೇಲೆ,
ನನ್ನ ರಕ್ತ ಹಿತ್ತಾಳೆಯ ಮೇಲೆ.

ಅದಕ್ಕೇ ಈ ಹುಡುಕಾಟ.
ಮೊದಲಿನದು ಪ್ಲಾಸ್ಟಿಕ್ಕಿನದು, ನೀಲಿ,
ಎರಡು ಬ್ಲೇಡು, ಡಜನ್ನಿಗೆ ಇಷ್ಟು ಅಂತ.
ಗಂಟಲ ಕೆಳಗೆ ರಾಗಿ ಚೆಲ್ಲಿದಂತೆ ಗುಳ್ಳೆ.

ಎರಡನೆಯದು ಭಾನುವಾರದ ಸಂತೆಯದು.
ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಅಂಚಿಗೆ
ಕೆಟ್ಟ ಮಿಕ್ಸಿ, ಒಂಟಿ ಶೂ, ರಿಮೋಟುಗಳ ನಡುವೆ
ಖಲಂದರ್ ಗೋಣಿಯ ಮೇಲೆ ಇಟ್ಟಿದ್ದ.
ಹಿಡಿ ತಿರುಗಿಸಿದರೆ ತಲೆಯ ಎರಡು ಬಾಗಿಲು
ಬೀರುವಿನಂತೆ ತೆರೆದುಕೊಳ್ಳುತ್ತಿತ್ತು.
"ನೂರೈವತ್ತು. ಮಿಲಿಟ್ರಿ ಸಾಹೇಬರದು."
ಎಪ್ಪತ್ತಕ್ಕೆ ಬಂತು, ಸಾಹೇಬರ ಸಮೇತ:
ಒಳಸಂದಿಯಲ್ಲಿ ಬಿಳೀ ಕೂದಲ ಪುಡಿ, ಒಣಗಿದ ಸೋಪು.
ಕುದಿಸಿದೆ. ಹುಣಸೇಹಣ್ಣು ಹಚ್ಚಿ ತಿಕ್ಕಿದೆ.
ಲೇಪ ಹೋಗಿ ಹಿತ್ತಾಳೆ ಕಂಡಿತು,
ನನ್ನ ಟ್ರಂಪೆಟ್ಟಿಗೆ ತಮ್ಮ ಹುಟ್ಟಿದ ಹಾಗೆ.
ಆದರೆ ಮೆತ್ತಗೆ, ಬಹಳ ಮೆತ್ತಗೆ.
ಒಂದೇ ಜಾಗಕ್ಕೆ ಆರು ಸಲ ಎಳೆದರೂ ಕೂದಲು
ಹೊರಡಲೋ ಬೇಡವೋ ಅನ್ನುವ ನೆಂಟ.

ಮೂರನೆಯದಕ್ಕೆ ಬಾಚಣಿಗೆಯ ಹಲ್ಲು.
ಆನೇಕಲ್ಲಿನ ಆರತಕ್ಷತೆಗೆ ಹೊರಡುವ ಆತುರದಲ್ಲಿ
ಅದರ ಕೈಗೆ ಮುಖ ಕೊಟ್ಟೆ.
ಮೂರು ಕಡೆ ಕಚ್ಚಿತು.
ಪಟಿಕದ ಕಲ್ಲು ತೀಡಿದೆ, ಕಣ್ಣಲ್ಲಿ ನೀರು.
ಲಗ್ನಪತ್ರಿಕೆಯ ಮೂಲೆ ಹರಿದು ಅಂಟಿಸಿಕೊಂಡೆ.
ಛತ್ರದಲ್ಲಿ ಫೋಟೋದವನು ನಕ್ಕ:
"ಅಣ್ಣಾ, ನಿಮ್ಮ ಗಲ್ಲದ ಮೇಲೆ ಚಿ. ಸೌ. ಅಂತಿದೆ."

ನೀರಿನ ವಿಷಯ ಬೇರೆ.
ನಮ್ಮ ವಠಾರಕ್ಕೆ ಕಾವೇರಿ ದಿನ ಬಿಟ್ಟು ದಿನ.
ಬೋರ್‌ವೆಲ್ಲಿನ ದಿನ ಎಷ್ಟು ಬ್ರಷ್ ತಿರುಗಿಸಿದರೂ
ನೊರೆ ಹುಟ್ಟಿದಷ್ಟೇ ಬೇಗ ಸಾಯುತ್ತದೆ,
ಮುಖದ ಮೇಲೆ ಬರೀ ಸುಣ್ಣದ ತಿಳಿ.
ಅದಕ್ಕೇ ಒಂದು ಚೊಂಬು ಕಾವೇರಿ ಎತ್ತಿಟ್ಟು
ತಟ್ಟೆ ಮುಚ್ಚಿರುತ್ತೇನೆ.
ರಾಜಮಣಿ ಮೊನ್ನೆ ಅದರಲ್ಲಿ ಕಾಫಿ ಮಾಡಿಬಿಟ್ಟಳು.
ಕಾಫಿ ಚೆನ್ನಾಗಿತ್ತು. ಏನನ್ನಲಿ.

ನಾಲ್ಕನೆಯದು ಮಾಸ್ಟರ್ ಪೌಲಯ್ಯನವರು ಕೊಟ್ಟದ್ದು.
ಮುಂದಿನ ಹಲ್ಲು ಬಿದ್ದ ಮೇಲೆ
ಊದುವುದು ಬಿಟ್ಟರು, ಗಡ್ಡ ಬಿಟ್ಟರು.
ಅಂಗೈ ತಗ್ಗುವಷ್ಟು ತೂಕ.
ಅವರೆದುರೇ ಎಂದಿನಂತೆ ಬಿಗಿಯಾಗಿ ಹಿಡಿದು ಎಳೆಯಹೋದೆ,
ಮಣಿಕಟ್ಟಿಗೆ ಒಂದು ಏಟು ಬಿತ್ತು:
"ಒತ್ತಬೇಡ್ವೋ. ತೂಕ ಅದರದ್ದು. ದಾರಿ ತೋರ್ಸು ಸಾಕು."

ಇದೇ ಏಟು ಹದಿನಾರನೇ ವಯಸ್ಸಲ್ಲೂ ತಿಂದಿದ್ದೆ,
ಮೇಲಿನ ಸ್ವರ ಸಿಗದೆ
ಟ್ರಂಪೆಟ್ಟನ್ನು ತುಟಿಗೆ ಮೊಳೆಯಂತೆ ಒತ್ತುತ್ತಿದ್ದಾಗ.
"ಉಸಿರಿದೆಯಲ್ಲೋ, ತುಟಿ ಯಾಕೆ ಕೊಲ್ತೀಯ?"
ಆಗ ಅರ್ಥವಾಗಿತ್ತು ಅಂದುಕೊಂಡಿದ್ದೆ.

ಮುಹೂರ್ತದ ದಿನ, ಬೆಳಗಿನ ನಾಲ್ಕೂವರೆ.
ಬಚ್ಚಲ ಬಲ್ಬಿನ ಕೆಳಗೆ
ಎಡಗೈಯಲ್ಲಿ ಕಿವಿಯ ಬಳಿ ಚರ್ಮ ಬಿಗಿಹಿಡಿದು
ಮೊದಲು ಕೂದಲು ಮಲಗಿದ ದಿಕ್ಕಿಗೆ,
ಆಮೇಲೆ ಅಡ್ಡ.
ಎದುರು ದಿಕ್ಕಿಗೆ ಹೋಗುವ ಧೈರ್ಯ ಇನ್ನೂ ಇಲ್ಲ.
ಕೋನ ಸರಿಯಿದ್ದರೆ ಬ್ಲೇಡು ಮಾತಾಡುತ್ತದೆ,
ಪಕ್ಕದ ಮನೆಯಲ್ಲಿ ಯಾರೋ ರವೆ ಜರಡಿ ಹಿಡಿದ ಸದ್ದು.
ಸದ್ದು ನಿಂತ ಕಡೆ ನನ್ನ ಕೈಯೂ ನಿಲ್ಲುತ್ತದೆ.

ಎಡ ದವಡೆಯ ಕೆಳಗೆ ಒಂದು ಸುಳಿಯಿದೆ.
ಕಾರ್ಪೊರೇಷನ್ ಸರ್ಕಲ್ಲಿನ ಸಂಜೆ ಅದು,
ಯಾರು ಯಾವ ಕಡೆ ಹೊರಟಿದ್ದಾರೋ ತಿಳಿಯದು.
ನಾಲ್ಕಕ್ಕೂ ಬಗ್ಗಿಲ್ಲ.
ಐದನೆಯದೊಂದು ಬಂದಿದೆ, ಜರ್ಮನಿಯದು,
ನೋಡಿ ಹೋಗಿ ಅನ್ನುತ್ತಾನೆ ಖಲಂದರ್.

ಮೇಲ್ದುಟಿ ಮಾತ್ರ ಇವತ್ತು ನುಣುಪು.
ನಾಲಿಗೆಯಿಂದ ಒಳಗೇ ಉಬ್ಬಿಸಿ ಎರಡು ಗೀರು,
ಮೂಗಿನ ತುದಿ ಎತ್ತಿ ಇನ್ನೊಂದು.
ಕೆಂಪು ಕೋಟಿನ ಗುಂಡಿ ಹಾಕುವ ಮುಂಚೆ,
ವಠಾರ ಇನ್ನೂ ಮಲಗಿರುವಾಗ,
ಊದದೆ, ಸುಮ್ಮನೆ,
ತಣ್ಣನೆ ಹಿತ್ತಾಳೆಯನ್ನು ಅಲ್ಲಿಟ್ಟು ನೋಡುತ್ತೇನೆ.