ಧರ್ಮಕಾಟಾ

ಕಪನೂರಿನ ನಮ್ಮ ದಾಲ್ ಮಿಲ್ಲಿನ ಲಾರಿ ಕಾಟಾ
ಮ್ಯಾಲ ಏನೂ ಇಲ್ಲದಾಗಲೂ ನಲವತ್ತು ಕಿಲೋ ತೋರಸ್ತದ.
ಎಳ್ಳಮಾಸಿ ಮರುದಿನದಿಂದ ಹಿಂಗೇ.
ಈಗ ಯುಗಾದಿ ದಾಟ್ಯದ.

ಮೊದಲ ದಿನಾನೇ ಹೇಳಿದ್ದೆ.
ದೊಡ್ಡ ಸಾಹುಕಾರರು, ಸಣ್ಣವರಿಗೆ ಹೇಳವ್ವ, ಅಂದರು.
ಸಣ್ಣವರು, ಖರೀದಿ ಅಣ್ಣನ ಕಡೆ, ಮಾರಾಟ ನನ್ನ ಕಡೆ,
ಕಾಟಾ ಯಾರ ಕಡೆ ಅನ್ನೂದು ಇನ್ನೂ ಇತ್ಯರ್ಥ ಆಗಿಲ್ಲ, ಅಂದರು.
ಮ್ಯಾನೇಜರ್, ಅರ್ಜಿ ಕೊಡ್ರಿ, ಅಂದ.
ಕೊಟ್ಟೆ. ಅರ್ಜಿ ಉಳೀತು, ಮ್ಯಾನೇಜರ್ ಹೋದ.
ಎರಡನೆಯವ ಒಂದು ತಿಂಗಳು ಮೊದಲನೆಯವನ
ಕಪಾಟಿನ ಕೀಲಿ ಹುಡುಕಿದ.
ಮೂರನೆಯವ ಸಣ್ಣ ಸಾಹುಕಾರರ ಮೈದುನ.
ತುಂಬಿದ ಲಾರಿಗೂ ನಲವತ್ತು, ಖಾಲಿ ಲಾರಿಗೂ ನಲವತ್ತು,
ಕಳದರ ಲೆಕ್ಕ ಬರಾಬರ್,
ಎರಡು ಸಲ ತಪ್ಪಿದರ ಅದು ತಪ್ಪೇ ಅಲ್ರಿ, ಅಂದು ನಕ್ಕ.

ನಮ್ಮೂರ ಬಿಸಲು ಅವನಿಗೆ ಗೊತ್ತಿಲ್ಲ.
ಹೊತ್ತು ಏರಿದಂಗ ನಲವತ್ತು ಅರವತ್ತಾಗ್ತದ.
ಮುಂಜಾನೆ ತೊಗರಿ ಹೊತ್ತು ಬಂದ ಲಾರಿ
ಮಧ್ಯಾಹ್ನ ಬರಿದಾಗಿ ನಿಂತರ
ನಡುವ ಇಪ್ಪತ್ತು ಕಿಲೋ ಕಾಣೆ.
ಡ್ರೈವರ್ ನನ್ನ ಮಾರಿ ನೋಡ್ತಾನ.
ಕಿಡಕಿಯೊಳಗ ಕುಂತಾಕಿ ನಾನೇ ಅಲ್ಲೇನು.

ಆಮೇಲೆ ಎಸಿ ಕೋಣ್ಯಾಗ ನಾಲ್ಕು ತಾಸು ಮೀಟಿಂಗ್.
ಗೇಟಿಗೆ ನೀಲಿ ಬಣ್ಣ ಅಂತ ಠರಾವಾಯ್ತು.
ಅರ್ಧ ಬಳದ ಮ್ಯಾಲ ಇನ್ನೊಬ್ಬರು ಹಸರು ಅಂದರು.
ಈಗ ಒಂದು ಕದ ನೀಲಿ, ಒಂದು ಕದ ಹಸರು,
ಅದರಾಗೇ ಹಾದು ಬರ್ತೀವಿ.

ಹಳ್ಳು ಆರಿಸೋ ಜಗದೇವಿ ಸೆರಗಿನಿಂದ ಹೊಟ್ಟು ಜಾಡಿಸ್ತಾ,
ಅಕ್ಕಾ, ತೊಗರಿ ಒಡದರ ಎರಡೂ ಬ್ಯಾಳಿ
ಒಂದೇ ಗಡಿಗ್ಯಾಗ ಬೇಯ್ತಾವ.
ಇಲ್ಲಿ ಒಡದವರು ಅವರು,
ಬೇಯೂದು ನಾವು, ಅಂತಾಳ.

ಒಂದು ಸೋಮವಾರ ಇಬ್ಬರಿಗೂ ಕೋರ್ಟಿನ್ಯಾಗ ತಾರೀಖು.
ಮೈದುನನೂ ಹಿಂದಿಂದೇ ಹೋದ.
ಮಶಾಕಸಾಬ ಮಶೀನು ಚಾಲೂ ಮಾಡಿದ, ಯಾರನ್ನೂ ಕೇಳಲಿಲ್ಲ.
ನಾನು ತಾಸಿಗೊಮ್ಮೆ ಖಾಲಿ ಕಾಟಾ ನೋಡಿ
ಗ್ವಾಡಿ ಮ್ಯಾಲ ಸುಣ್ಣದ ಕಡ್ಡಿಯಿಂದ ಬರದೆ:
ಎಂಟಕ್ಕ ನಲವತ್ತು. ಹನ್ನೊಂದಕ್ಕ ಐವತ್ತು. ಎರಡಕ್ಕ ಅರವತ್ತು.
ಅಷ್ಟಷ್ಟೇ ಕಳದು ಚೀಟಿ ಕೊಟ್ಟೆ.
ಒಂಬತ್ತು ಲಾರಿ. ಒಂದೂ ಜಗಳಿಲ್ಲ.
ಮಧ್ಯಾಹ್ನ ಎಲ್ಲರೂ ಕೂಡಿ ರೊಟ್ಟಿ ಉಂಡೆವು,
ಯಾವ ಕಡೆಯವರು ಅನ್ನೂದು ಯಾರಿಗೂ ನೆನಪಾಗಲಿಲ್ಲ.

ಮಂಗಳವಾರ ಮೆಮೋ ಬಂತು.
ಯಾರ ಅಪ್ಪಣಿ ಮ್ಯಾಲ ಬರಾಬರ್ ತೂಗಿದಿರಿ?
ಕೆಳಗ ದೊಡ್ಡವರ ಸಹಿ, ಸಣ್ಣವರ ಸಹಿ,
ಒಂದರ ಬಾಜೂ ಒಂದು.
ಆರು ವರ್ಷದಾಗ ಎರಡೂ ಕೂಡಿದ ಕಾಗದ
ನಾ ನೋಡಿದ್ದು ಇದೊಂದೇ.
ಮಡಚಿ ಬುತ್ತಿ ಚೀಲದಾಗ ಇಟಗೊಂಡೆ.
ಗ್ವಾಡಿ ಒರಸಿದರು.

ಸಂಜಿಗೆ ಭೋಂಗಾ ಆದ ಮ್ಯಾಲ
ಚಪ್ಪಲಿ ಬಿಟ್ಟು ಕಾಟಾ ಹತ್ತಿದೆ.
ಕಬ್ಬಿಣ ಇನ್ನೂ ಸುಡತಿತ್ತು.
ಕಿಡಕಿಯೊಳಗ ಕೆಂಪು ಅಂಕಿ: ನೂರು.
ಇದರಾಗ ನಾನೆಷ್ಟು, ತಪ್ಪೆಷ್ಟು?
ಕಳೀಬೇಕಂದೆ. ಸುಣ್ಣದ ಕಡ್ಡಿ ಸಿಗಲಿಲ್ಲ.
ಲೈಟ್ ಬಂದ್ ಮಾಡ್ಲೇನವ್ವಾ, ಅಂತ
ಮಶಾಕಸಾಬ ಅಲ್ಲಿಂದಲೇ ಕೂಗಿದ.
ತಡಿ, ಅಂದೆ,
ಇನ್ನೂ ತೂಕ ನಿಂತಿಲ್ಲ.